ಊರಿಗೆ ಬಂದವನಿಗೆ ಜಾಮೀನು ಯಾರು?



ಪವಿತ್ರ ಕುರ್‌ಆನಿನ ಅಲ್ ಖಸಸ್ ಅಧ್ಯಾಯವನ್ನು ನೀವು ಅನೇಕ ಬಾರಿ ಓದಿರಬಹುದು. ಅದರ 22ರಿಂದ 28ರವರೆಗಿನ ಸೂಕ್ತಗಳನ್ನು ಇನ್ನೊಮ್ಮೆ ನಿಧಾನವಾಗಿ ಓದಿರೆಂದು ಕೋರುತ್ತೇನೆ. ಈಜಿಪ್ಟಿನ ಅರಮನೆಯಲ್ಲಿ ಬೆಳೆದ ಪ್ರವಾದಿ ಮೂಸಾ(ಅ)ರು ಜೀವ ಉಳಿಸಿಕೊಳ್ಳಲು ಊರು ಬಿಟ್ಟು ಓಡಿ ಮದ್‌ಯನ್ ತಲುಪಿದ ಸಂದರ್ಭ ಅದು. ಅವರ ಬಳಿ ಹಣವಿಲ್ಲ. ತಲೆಯ ಮೇಲೆ ಸೂರಿಲ್ಲ. ಆ ನಾಡಿನಲ್ಲಿ ಅವರ ಹೆಸರು ಹಿಡಿದು ಕರೆಯುವ ಒಬ್ಬ ವ್ಯಕ್ತಿಯೂ ಇಲ್ಲ. ಅಂತಹ ಸ್ಥಿತಿಯಲ್ಲೂ ಅವರು ನೀರಿನ ಬಳಿ ಒಂದು ದೃಶ್ಯವನ್ನು ಗಮನಿಸುತ್ತಾರೆ. ಕುರುಬರು ತಮ್ಮ ಮಂದೆಗೆ ನೀರುಣಿಸುತ್ತಿದ್ದರೆ, ಇಬ್ಬರು ಹೆಣ್ಣುಮಕ್ಕಳು ತಮ್ಮ ಆಡುಕುರಿಗಳನ್ನು ತಡೆದುಕೊಂಡು ದೂರ ನಿಂತಿದ್ದಾರೆ. ಮನೆಯಲ್ಲಿ ತಂದೆ ವೃದ್ಧರು. ಮೂಸಾ(ಅ)ರು ಅವರ ಮಂದೆಗೆ ನೀರುಣಿಸಿ, ಕೂಲಿ ಕೇಳದೆ ನೆರಳಿಗೆ ಸರಿದು, ತನಗೆ ಯಾವ ಒಳಿತನ್ನು ಇಳಿಸಿಕೊಟ್ಟರೂ ಅದರ ಅಗತ್ಯವಿರುವವನು ತಾನೆಂದು ತನ್ನ ಪ್ರಭುವಿನಲ್ಲಿ ಮೊರೆಯಿಡುತ್ತಾರೆ.

ಆ ದುಆಗೆ ಉತ್ತರ ಹೇಗೆ ಬಂತೆಂಬುದನ್ನು ಗಮನಿಸಿರಿ. ಆಕಾಶದಿಂದ ಚಿನ್ನದ ಗಂಟು ಬೀಳಲಿಲ್ಲ. ಆ ಹೆಣ್ಣುಮಕ್ಕಳಲ್ಲಿ ಒಬ್ಬಾಕೆ ನಾಚುತ್ತಾ ಬಂದು, ನೀವು ಮಾಡಿದ ಕೆಲಸಕ್ಕೆ ಪ್ರತಿಫಲ ಕೊಡಲು ತಂದೆ ಕರೆಯುತ್ತಿದ್ದಾರೆ ಎಂದಳು. ಮನೆಗೆ ಹೋದ ಬಳಿಕ ವೃದ್ಧರು ಅವರ ಕಥೆಯನ್ನೆಲ್ಲ ಕೇಳಿ, ಇನ್ನು ಅಂಜಬೇಡ ಎಂದು ಧೈರ್ಯ ಹೇಳಿದರು. ಆಗ ಆ ಮಗಳು ತಂದೆಗೆ ಒಂದು ಸಲಹೆ ಕೊಟ್ಟಳು. ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ, ಕೆಲಸಕ್ಕೆ ಇಟ್ಟುಕೊಳ್ಳಲು ಯೋಗ್ಯನಾದವನೆಂದರೆ ಶಕ್ತನೂ ವಿಶ್ವಾಸಾರ್ಹನೂ ಆದವನು ಎಂಬುದೇ ಆ ಸಲಹೆಯ ಸಾರ.

ಅಲ್ಲಾಹನು ಈ ಮಾತನ್ನು ತನ್ನ ಗ್ರಂಥದಲ್ಲಿ ಸೇರಿಸಿ ಅಂತ್ಯದಿನದವರೆಗೆ ಉಳಿಸಿದ್ದಾನೆ. ಒಬ್ಬ ನಿರಾಶ್ರಿತನ ಪರವಾಗಿ ಒಬ್ಬ ಯುವತಿ ಆಡಿದ ಒಂದು ಮಾತು ಅದು. ಆ ಮಾತಿನಿಂದ ಮೂಸಾ(ಅ)ರಿಗೆ ದುಡಿಮೆ ಸಿಕ್ಕಿತು, ಮನೆ ಸಿಕ್ಕಿತು, ಸಂಸಾರ ಸಿಕ್ಕಿತು.

ಕಳೆದುಹೋಗುವುದು ಮನೆ ಮಾತ್ರವಲ್ಲ

ಯುದ್ಧದಿಂದಲೋ ಗಲಭೆಯಿಂದಲೋ ಊರು ಬಿಟ್ಟು ಬಂದವನು ಏನನ್ನು ಕಳೆದುಕೊಂಡಿರುತ್ತಾನೆ? ಮನೆ, ಹೊಲ, ದನಕರು ಎಂದು ನಾವು ಲೆಕ್ಕ ಹಾಕುತ್ತೇವೆ. ಇವೆಲ್ಲಕ್ಕಿಂತ ದೊಡ್ಡದೊಂದು ನಮ್ಮ ಲೆಕ್ಕದಲ್ಲಿ ಬರುವುದೇ ಇಲ್ಲ. ಅದು ಅವನನ್ನು ಬಲ್ಲವರು. ನಮ್ಮ ಊರಿನಲ್ಲಿ ನಮ್ಮ ಹುಡುಗನೊಬ್ಬ ಅಂಗಡಿಗೆ ಕೆಲಸಕ್ಕೆ ಹೋದರೆ ಮಾಲೀಕನು ಮೊದಲು ಕೇಳುವುದು, ನೀನು ಯಾರ ಮಗ ಎಂದು. ತಂದೆಯ ಹೆಸರು ಹೇಳಿದರೆ ಸಾಕು, ಬಾಗಿಲು ತೆರೆಯುತ್ತದೆ. ನೆಲೆ ತಪ್ಪಿ ಬಂದವನಿಗೂ ತಂದೆಯಿದ್ದಾನೆ, ಅವನ ತಂದೆಗೂ ಮರ್ಯಾದೆಯಿತ್ತು. ಆದರೆ ಆ ಹೆಸರು ಈ ಊರಿನಲ್ಲಿ ಚಲಾವಣೆಯಾಗದ ನಾಣ್ಯ. ಇವನು ಕೈಯಲ್ಲಿ ಕಸುಬಿದ್ದವನು, ಕಳ್ಳನಲ್ಲ ಎಂದು ಹೇಳುವವರು ಅವನಿಗೆ ಯಾರೂ ಇಲ್ಲ.

ಆದುದರಿಂದ ಅವನಿಗೆ ಒಂದು ಹೊತ್ತಿನ ಊಟ ಕೊಡುವುದು ಸುಲಭ, ಕೆಲಸ ಕೊಡಿಸುವುದು ಕಷ್ಟ. ಊಟ ಕೊಡಲು ಕರುಣೆ ಸಾಕು. ಕೆಲಸ ಕೊಡಿಸಲು ನಮ್ಮ ಹೆಸರನ್ನು ಅವನ ಹೆಸರಿನ ಪಕ್ಕದಲ್ಲಿ ಇಡಬೇಕಾಗುತ್ತದೆ. ಇಲ್ಲಿಯೇ ನಮ್ಮಲ್ಲಿ ಬಹಳ ಮಂದಿ ಹಿಂದೆ ಸರಿಯುತ್ತೇವೆ. ರಮಝಾನಿನಲ್ಲಿ ಝಕಾತಿನ ನೋಟನ್ನು ಧಾರಾಳವಾಗಿ ಕೊಡುವ ಕೈ, ಅವನಿಗೆ ಜಾಮೀನಾಗಿ ನಿಲ್ಲು ಎಂದರೆ ಜೇಬಿನೊಳಗೆ ಸೇರಿಬಿಡುತ್ತದೆ.

ಅಲ್ ಬಕರಃ ಅಧ್ಯಾಯದ 273ನೆಯ ಸೂಕ್ತವು ಕೆಲವು ಬಡವರ ಗುರುತನ್ನು ಹೇಳುತ್ತದೆ. ಅವರು ಕಾಡಿ ಬೇಡುವುದಿಲ್ಲ. ಅವರ ಸ್ವಾಭಿಮಾನವನ್ನು ಕಂಡು ಅರಿಯದವರು ಅವರನ್ನು ಸ್ಥಿತಿವಂತರೆಂದೇ ಭಾವಿಸುತ್ತಾರೆ. ಮಕ್ಕಾದಲ್ಲಿ ಎಲ್ಲವನ್ನೂ ಬಿಟ್ಟು ಮದೀನಾದ ಮಸೀದಿಯ ಜಗಲಿಯಲ್ಲಿ ತಂಗಿದ್ದ ಮುಹಾಜಿರರ ಕುರಿತು ಇದು ಅವತೀರ್ಣವಾಯಿತೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಇಂತಹವರು ನಮ್ಮ ಬಾಗಿಲಿಗೆ ಬರುವವರಲ್ಲ, ನಾವೇ ಹುಡುಕಬೇಕು.

ಮದೀನಾ ಕಲಿಸಿದ ಪಾಠ

ಹಿಜ್ರತ್ ಎಂದೊಡನೆ ಅನ್ಸಾರರ ಔದಾರ್ಯ ನಮಗೆ ನೆನಪಾಗುತ್ತದೆ. ತಾವೇ ಅಗತ್ಯದಲ್ಲಿದ್ದರೂ ಬಂದವರಿಗೆ ಆದ್ಯತೆ ಕೊಟ್ಟವರೆಂದು ಅಲ್ ಹಶ್ರ್ ಅಧ್ಯಾಯದ 9ನೆಯ ಸೂಕ್ತದಲ್ಲಿ ಅಲ್ಲಾಹನೇ ಅವರನ್ನು ಪ್ರಶಂಸಿಸಿದ್ದಾನೆ. ಆದರೆ ಆ ಔದಾರ್ಯಕ್ಕೆ ಪ್ರವಾದಿವರ್ಯರು(ಸ) ಯಾವ ರೂಪ ಕೊಟ್ಟರು ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಬುಖಾರಿಯಲ್ಲಿ ವರದಿಯಾಗಿರುವಂತೆ, ಅನ್ಸಾರರು ತಮ್ಮ ಖರ್ಜೂರದ ತೋಟಗಳನ್ನು ತಮಗೂ ಮುಹಾಜಿರರಿಗೂ ಹಂಚಿಕೊಡಬೇಕೆಂದು ಕೇಳಿಕೊಂಡರು. ಪ್ರವಾದಿವರ್ಯರು(ಸ) ಒಪ್ಪಲಿಲ್ಲ. ಆಗ, ತೋಟದ ದುಡಿಮೆ ಅವರು ಮಾಡಲಿ, ಫಲದಲ್ಲಿ ಇಬ್ಬರೂ ಪಾಲುದಾರರಾಗೋಣ ಎಂಬ ಏರ್ಪಾಡಾಯಿತು. ಇದನ್ನು ಎಲ್ಲರೂ ಒಪ್ಪಿದರು. ಇದರಿಂದ ಕೊಟ್ಟವರ ಆಸ್ತಿ ಉಳಿಯಿತು, ಪಡೆದವರ ಮಾನವೂ ಉಳಿಯಿತು. ಖೈಬರಿನ ತರುವಾಯ ಮುಹಾಜಿರರಿಗೆ ಅನುಕೂಲವಾದಾಗ, ಅನ್ಸಾರರು ಬಳಕೆಗೆ ಕೊಟ್ಟಿದ್ದ ಮರಗಳನ್ನು ಅವರು ಹಿಂತಿರುಗಿಸಿದರು. ದುಡಿಯುವ ದಾರಿ ಸಿಕ್ಕ ನಿರಾಶ್ರಿತನು ಬಹುಕಾಲ ಭಾರವಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ)ರ ಪ್ರಸಂಗವೂ ನಿಮಗೆ ತಿಳಿದಿದೆ. ಅವರ ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ)ರು ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್(ರ)ರು ಅವರಿಗಾಗಿ ದುಆ ಮಾಡಿ, ಮಾರುಕಟ್ಟೆಯ ದಾರಿ ತೋರಿಸಿರಿ ಎಂದಷ್ಟೇ ಕೇಳಿದರು. ಬನೂ ಕೈನುಕಾಅ್ ಮಾರುಕಟ್ಟೆಯಲ್ಲಿ ತುಪ್ಪ, ಗಿಣ್ಣುಗಳ ವ್ಯಾಪಾರ ಮಾಡಿ ಸ್ವಲ್ಪ ಕಾಲದಲ್ಲೇ ಸ್ವಂತ ಕಾಲಿನ ಮೇಲೆ ನಿಂತರು. ಸ್ಥಳೀಯನು ಕೊಡಬಹುದಾದ ಅತಿ ದೊಡ್ಡ ಕಾಣಿಕೆ ಕೆಲವೊಮ್ಮೆ ದಾರಿ ತೋರಿಸುವುದೇ ಆಗಿರುತ್ತದೆ.

ಅಬೂದಾವೂದ್‌ನಲ್ಲಿರುವ ಇನ್ನೊಂದು ವರದಿಯಲ್ಲಿ, ಒಬ್ಬ ಬಡ ಅನ್ಸಾರಿ ಸಹಾಯ ಕೇಳಿ ಬರುತ್ತಾರೆ. ಮನೆಯಲ್ಲಿದ್ದದ್ದು ಒಂದು ಕಂಬಳಿ, ಒಂದು ನೀರು ಕುಡಿಯುವ ಬಟ್ಟಲು. ಪ್ರವಾದಿವರ್ಯರು(ಸ) ಅವೆರಡನ್ನೂ ತರಿಸಿ, ತಾವೇ ಕೂಗಿ ಹರಾಜು ಹಾಕಿ, ಎರಡು ದಿರ್ಹಮಿಗೆ ಮಾರಿದರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಒಂದು ಕೊಡಲಿ. ಆ ಕೊಡಲಿಗೆ ತಮ್ಮ ಕೈಯಾರೆ ಹಿಡಿಯನ್ನು ಕೂರಿಸಿ, ಸೌದೆ ಕಡಿದು ಮಾರು, ಹದಿನೈದು ದಿನ ನನ್ನ ಮುಂದೆ ಬರಬೇಡ ಎಂದು ಕಳುಹಿಸಿದರು. ಆತ ಹತ್ತು ದಿರ್ಹಮ್ ಗಳಿಸಿ ಮರಳಿದರು. ಲೋಕಗಳಿಗೆ ಅನುಗ್ರಹವಾಗಿ ಬಂದವರು ಒಬ್ಬ ಬಡವನ ಕೊಡಲಿಗೆ ಹಿಡಿ ಕೂರಿಸಿದರೆಂದ ಮೇಲೆ, ಒಬ್ಬನಿಗೆ ಕೆಲಸ ಹುಡುಕಿಕೊಡಲು ನಾಲ್ಕು ಅಂಗಡಿಯ ಮೆಟ್ಟಿಲು ಹತ್ತುವುದು ನಮಗೆ ಕೀಳಾಗಬಾರದು.

ನಮ್ಮ ಕಲ್ಯಾಣದ ನೆಲ

ಇದೆಲ್ಲ ಅರಬರ ನಾಡಿನ ಮಾತು, ನಮ್ಮ ಬಸವಕಲ್ಯಾಣ ಹುಮನಾಬಾದಿಗೂ ಇದಕ್ಕೂ ಏನು ಸಂಬಂಧವೆಂದು ಯಾರೂ ಕೇಳದಿರಲಿ. ಬಂದವರಿಗೆ ಕೆಲಸ ಕೊಟ್ಟೇ ಹೆಸರಾದ ಊರು ನಮ್ಮದು. ಚಾಲುಕ್ಯರ ಕಾಲದಲ್ಲಿ ಕವಿ ಬಿಲ್ಹಣನು ಆಶ್ರಯವನ್ನರಸಿ ಕಾಶ್ಮೀರದಿಂದ ಊರೂರು ಅಲೆದು ಕೊನೆಗೆ ನೆಲೆ ಕಂಡದ್ದು ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಹನ್ನೆರಡನೆಯ ಶತಮಾನದ ಶರಣ ಮೋಳಿಗೆ ಮಾರಯ್ಯನವರೂ ಕಾಶ್ಮೀರದಿಂದ ಬಂದವರೆಂದು, ಇಲ್ಲಿ ಸೌದೆ ಹೊರೆ ಮಾರಿ ಜೀವಿಸಿದರೆಂದು ಶರಣರ ಪರಂಪರೆ ಹೇಳುತ್ತದೆ. ಹುಮನಾಬಾದ್ ಬಳಿಯ ಮೋಳಕೇರಾದಲ್ಲಿ ಇಂದಿಗೂ ಅವರ ನೆನಪು ಉಳಿದಿದೆ. ಮದೀನಾದಲ್ಲಿ ಕೊಡಲಿ ಹಿಡಿದ ಅನ್ಸಾರಿಯನ್ನೂ ಕಲ್ಯಾಣದಲ್ಲಿ ಸೌದೆ ಹೊತ್ತ ಮಾರಯ್ಯನವರನ್ನೂ ಜೊತೆಗಿಟ್ಟು ನೋಡಿದರೆ, ಬೇಡಿ ತಿನ್ನುವುದಕ್ಕಿಂತ ದುಡಿದು ತಿನ್ನುವುದು ಮೇಲೆಂಬ ಮಾತು ನಮ್ಮ ನೆರೆಹೊರೆಯವರಿಗೂ ನಮಗೂ ಸಮಾನವಾದದ್ದೆಂದು ತಿಳಿಯುತ್ತದೆ.

ಇದೇ ನೆಲ ಕಣ್ಣೀರನ್ನೂ ಕಂಡಿದೆ. 1948ರಲ್ಲಿ, ಈ ಪ್ರದೇಶ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಝಾಕಾರರು ಹಿಂದೂಗಳ ಹತ್ಯಾಕಾಂಡ ನಡೆಸಿದರು. ರಝಾಕಾರರಿಗೆ ಹೆದರಿ ಸಂಸ್ಥಾನದ ಅನೇಕ ಹಿಂದೂ ಕುಟುಂಬಗಳು ಊರು ಬಿಟ್ಟು ಗಡಿ ದಾಟಿ ಹೋಗಬೇಕಾಯಿತು. ಅದೇ ವರ್ಷ ಸೆಪ್ಟೆಂಬರ್ 13ರಂದು ಭಾರತದ ಸೇನೆ ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಆ ದಿನಗಳಲ್ಲೂ ಅದರ ನಂತರವೂ ಮುಸ್ಲಿಮರ ಮೇಲೆ ದೊಡ್ಡ ಪ್ರಮಾಣದ ಹಿಂಸೆ ನಡೆಯಿತು. ಪ್ರಧಾನಿ ನೆಹರೂರವರು ಕಳುಹಿಸಿದ ಪಂಡಿತ್ ಸುಂದರಲಾಲ್ ಸಮಿತಿಯು, ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್ ಮತ್ತು ನಾಂದೇಡ್. ನಮ್ಮ ಅಜ್ಜಿಯಂದಿರ ತಲೆಮಾರಿನ ಎಷ್ಟೋ ಹೆಂಗಸರು ವಿಧವೆಯರಾಗಿ, ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬೇರೆ ಊರು ಸೇರಿದ ಕಾಲ ಅದು.

ಈ ಹಳೆಯ ಗಾಯವನ್ನು ಕೆದಕುವುದು ನನ್ನ ಉದ್ದೇಶವಲ್ಲ. ಅನ್ಯಾಯವನ್ನು ನಮ್ಮವರು ಮಾಡಿದರೂ ಅನ್ಯಾಯವೇ, ನಮಗೆ ಮಾಡಿದರೂ ಅನ್ಯಾಯವೇ. ಅದೇ ಸಮಿತಿಯ ವರದಿಯಲ್ಲಿರುವ ಒಂದು ಸಂಗತಿಯನ್ನು ನಿಮ್ಮ ಮುಂದಿಡಬೇಕಾಗಿದೆ. ಒಂದೇ ಕಸುಬಿನವರ ನಡುವೆ ಪರಸ್ಪರ ಕಾಳಜಿ ಹೆಚ್ಚಾಗಿತ್ತೆಂದು ಸಮಿತಿ ಕಂಡುಕೊಂಡಿತು. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ರಕ್ಷಿಸಲು ಹೋಗಿ ತಮ್ಮ ಪ್ರಾಣವನ್ನೇ ಕಳೆದುಕೊಂಡರು. ಯೋಚಿಸಿರಿ. ಹುಚ್ಚು ಹೊಳೆಯಂತೆ ದ್ವೇಷ ಹರಿದ ದಿನಗಳಲ್ಲಿ ಮನುಷ್ಯನನ್ನು ಮನುಷ್ಯನ ಜೊತೆ ಕಟ್ಟಿಹಾಕಿದ ಹಗ್ಗ ಯಾವುದು? ಒಟ್ಟಿಗೆ ಮಾಡಿದ ದುಡಿಮೆ. ಒಬ್ಬ ಅಪರಿಚಿತನನ್ನು ನಮ್ಮ ಕೆಲಸದ ಜಾಗಕ್ಕೆ ಸೇರಿಸಿಕೊಂಡಾಗ ನಾವು ಅವನ ಹೊಟ್ಟೆಯನ್ನು ಮಾತ್ರ ತುಂಬಿಸುವುದಿಲ್ಲ. ನಾಳೆಯ ಗಲಭೆಗೆ ಇಂದೇ ಒಡ್ಡು ಕಟ್ಟುತ್ತೇವೆ.

ಕನ್ನಡ ನಾಡಿನ ಉದಾಹರಣೆಗಳು

ಸ್ವಾತಂತ್ರ್ಯಾನಂತರ ನಮ್ಮ ರಾಜ್ಯಕ್ಕೆ ಬಂದವರ ಕಡೆಗೂ ನೋಡಿರಿ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೂ 1966ರಿಂದ ಮುಂಡಗೋಡಿಗೂ ಟಿಬೆಟಿನ ನಿರಾಶ್ರಿತರು ಬಂದರು. ಸರಕಾರ ಅವರಿಗೆ ಕಾಡುಭೂಮಿ ಕೊಟ್ಟಿತು, ಅವರು ಅದನ್ನು ಹೊಲ ಮಾಡಿದರು. ಚಳಿಗಾಲದಲ್ಲಿ ಪಟ್ಟಣಗಳ ರಸ್ತೆ ಬದಿಯಲ್ಲಿ ಸ್ವೆಟರ್ ಮಾರಿದರು. ಇಂದು ಸುತ್ತಲಿನ ಹಳ್ಳಿಗಳವರು ಆ ಕ್ಯಾಂಪುಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನಮ್ಮದೇ ಕಲ್ಯಾಣ ಕರ್ನಾಟಕದ ಸಿಂಧನೂರು ತಾಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಬೇರೂರಿವೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮೇರೆಗೆ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ಅರಣ್ಯ ಅಭಿವೃದ್ಧಿ ನಿಗಮ ಕೆಲಸ ಕೊಟ್ಟಿತು. ಚಹಾ ತೋಟದ ಕೈಗಳು ರಬ್ಬರ್ ಹಾಲು ತೆಗೆಯುವುದನ್ನು ಕಲಿತವು. ಕೆಲಸ ಸಿಕ್ಕಲ್ಲಿ ಬಂದವರು ನಿಂತರು, ಊರೂ ಬೆಳೆಯಿತು.

ವಿಶ್ವಸಂಸ್ಥೆಯ ಲೆಕ್ಕದಂತೆ 2024ರ ಕೊನೆಯಲ್ಲಿ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರ ಸಂಖ್ಯೆ 12 ಕೋಟಿಯನ್ನು ಮೀರಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸ್ವಂತ ದೇಶದೊಳಗೇ ಬೇರೆ ಕಡೆಗೆ ಓಡಿದವರು. ಆದುದರಿಂದ ನಿರಾಶ್ರಿತನೆಂದರೆ ದೂರದ ಗಾಝಾದವನು, ಸಿರಿಯಾದವನು ಎಂದಷ್ಟೇ ತಿಳಿಯಬೇಡಿರಿ. ಗಲಭೆಯಲ್ಲಿ ಮನೆ ಸುಟ್ಟವನು, ನೆರೆ ಬಂದು ಹೊಲ ಕೊಚ್ಚಿಹೋದವನು, ಬರದಿಂದ ಗುಳೆ ಬಂದವನು ಇವರೆಲ್ಲರೂ ನಮ್ಮ ಹೊಣೆಯ ವಲಯದಲ್ಲಿದ್ದಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಪಕ್ಕದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ, ಹಿಂದಿನ ರಾತ್ರಿ ಉಂಡು ಮಲಗಿದ್ದ ಮನೆಯೊಡೆಯರು ಬೆಳಗಾಗುವಷ್ಟರಲ್ಲಿ ಬಯಲಿನಲ್ಲಿದ್ದರು. 2020ರ ಲಾಕ್‌ಡೌನಿನಲ್ಲಿ ಹೈದರಾಬಾದ್, ಪುಣೆ, ಮುಂಬಯಿಗಳಲ್ಲಿ ದುಡಿಯುತ್ತಿದ್ದ ನಮ್ಮ ಜಿಲ್ಲೆಯವರೇ ಬರಿಗೈಯಲ್ಲಿ ಊರಿಗೆ ಮರಳಿದರು. ಅನ್ಸಾರಿಯಾಗಿರುವುದೂ ಮುಹಾಜಿರನಾಗುವುದೂ ಅಲ್ಲಾಹನ ಒಂದು ಆಜ್ಞೆಯ ಅಂತರ ಮಾತ್ರ.

ಮಾಲೀಕರಲ್ಲಿ ಒಂದು ಬಿನ್ನಹ

ಬಸವಕಲ್ಯಾಣದ ಆಟೋನಗರದಲ್ಲಿ ಲಾರಿ ಗ್ಯಾರೇಜು, ಬಾಡಿ ಕಟ್ಟುವ ಶೆಡ್ಡು, ವೆಲ್ಡಿಂಗ್, ಪೇಂಟಿಂಗ್ ಅಂಗಡಿ ನಡೆಸುವ ಉಸ್ತಾದರೇ, ಹುಮನಾಬಾದಿನ ಹೆದ್ದಾರಿಯಲ್ಲಿ ಹೋಟೆಲು, ದಾಲ್ ಮಿಲ್ಲು, ಗೋದಾಮು ಇಟ್ಟಿರುವ ಸಹೋದರರೇ, ಈ ಮಾತು ಮುಖ್ಯವಾಗಿ ನಿಮಗೆ. ಪುಣೆಯಿಂದ ಹೈದರಾಬಾದಿಗೆ ಹೋಗುವ ರಸ್ತೆ ನಿಮ್ಮ ಅಂಗಡಿಯ ಮುಂದೆ ಹಾದುಹೋಗುತ್ತದೆ. ಆ ರಸ್ತೆಯಲ್ಲಿ ಗಿರಾಕಿಗಳನ್ನು ಕಳುಹಿಸುವ ಅಲ್ಲಾಹನು ಕೆಲವೊಮ್ಮೆ ನೆಲೆ ತಪ್ಪಿದವನನ್ನೂ ಕಳುಹಿಸುತ್ತಾನೆ.

ಅವನು ಯಾರೋ ಗೊತ್ತಿಲ್ಲ ಎನ್ನುತ್ತೀರಿ. ನಿಮ್ಮ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಮದ್‌ಯನಿನ ವೃದ್ಧರೂ ಕಣ್ಣು ಮುಚ್ಚಿ ನಂಬಲಿಲ್ಲ. ಮನೆಗೆ ಕರೆದರು, ಕಥೆ ಕೇಳಿದರು, ಕೆಲಸ ಕಂಡ ಮಗಳ ಮಾತು ಕೇಳಿದರು. ಆ ಮೇಲೆ ನಿರ್ಧರಿಸಿದರು. ನೀವೂ ಕರೆಯಿರಿ, ಕೇಳಿರಿ, ಹದಿನೈದು ದಿನ ಕೆಲಸ ಕೊಟ್ಟು ನೋಡಿರಿ. ಕುರ್‌ಆನ್ ಹೇಳಿದ ಎರಡು ಗುಣಗಳನ್ನು ಪರೀಕ್ಷಿಸಿರಿ. ಅವನ ಭಾಷೆ, ಬಟ್ಟೆ, ಊರುಗಳು ಆ ಎರಡರಲ್ಲಿ ಸೇರಿಲ್ಲ.

ಅವನು ನಮ್ಮವನಲ್ಲ ಎನ್ನುತ್ತೀರಾ? ಪ್ರವಾದಿವರ್ಯರು(ಸ) ಮಕ್ಕಾದಿಂದ ಹೊರಟಾಗ ದಾರಿ ತೋರಿಸಲು ಕೂಲಿಗೆ ನೇಮಿಸಿಕೊಂಡ ಅಬ್ದುಲ್ಲಾ ಬಿನ್ ಉರೈಕಿತ್ ಇಸ್ಲಾಮ್ ಸ್ವೀಕರಿಸಿದವನಾಗಿರಲಿಲ್ಲ. ತಲೆಗೆ ಬೆಲೆ ಕಟ್ಟಲಾಗಿದ್ದ ಆ ಪ್ರಯಾಣದಲ್ಲಿ ಒಂಟೆಗಳನ್ನೂ ಪ್ರಾಣವನ್ನೂ ಅವನ ಕೈಗೆ ಒಪ್ಪಿಸಿದರು. ಅವನು ಕಸುಬು ಬಲ್ಲವನೂ ಮಾತಿಗೆ ನಿಲ್ಲುವವನೂ ಆಗಿದ್ದನು.

ಕಾನೂನಿನ ತೊಡಕಿದೆ ಎನ್ನುತ್ತೀರಿ. ಹೌದು, ಹೊರದೇಶದಿಂದ ಬಂದವರ ವಿಷಯದಲ್ಲಿದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ, ವಿದೇಶೀಯರ ಕಾನೂನೇ ಅವರಿಗೂ ಅನ್ವಯಿಸುತ್ತದೆ. ಅಂತಹವರ ಕಾಗದಪತ್ರಗಳನ್ನು ಬಲ್ಲ ವಕೀಲರಿಗೆ ತೋರಿಸಿ ಮುಂದುವರಿಯಿರಿ. ಗುಟ್ಟಾಗಿ ಇಟ್ಟುಕೊಂಡು ದುಡಿಸಿದರೆ ನಿಮಗೂ ಅಪಾಯ, ಅವನಿಗೆ ಇನ್ನೂ ದೊಡ್ಡ ಅಪಾಯ. ಆದರೆ ಈ ದೇಶದ ಪ್ರಜೆಯೊಬ್ಬನು ಬೇರೆ ಜಿಲ್ಲೆಯಿಂದಲೋ ರಾಜ್ಯದಿಂದಲೋ ಬಂದಿದ್ದರೆ, ಎಲ್ಲಿಯಾದರೂ ನೆಲೆಸಿ ದುಡಿಯುವ ಹಕ್ಕನ್ನು ಸಂವಿಧಾನದ 19ನೆಯ ವಿಧಿಯೇ ಅವನಿಗೆ ಕೊಟ್ಟಿದೆ. ಅವನ ವಿಷಯದಲ್ಲಿ ಕಾನೂನಿನ ಹೆಸರು ಹೇಳುವುದು ಬರೀ ನೆಪ.

ಇನ್ನು ಕೆಲವರು ಯಾವ ನೆಪವನ್ನೂ ಹೇಳದೆ ತಕ್ಷಣ ಕೆಲಸಕ್ಕಿಟ್ಟುಕೊಳ್ಳುತ್ತಾರೆ. ಇವನಿಗೆ ಬೇರೆ ಗತಿಯಿಲ್ಲ, ಅರ್ಧ ಪಗಾರಕ್ಕೆ ದುಡಿಯುತ್ತಾನೆ ಎಂಬುದೇ ಅವರ ಲೆಕ್ಕ. ಇದು ಸಹಾಯವಲ್ಲ ಸಹೋದರರೇ, ಬಿದ್ದವನ ಜೇಬಿಗೆ ಕೈ ಹಾಕುವ ಕೆಲಸ. ಕೂಲಿಯಾಳಿನಿಂದ ಪೂರ್ತಿ ಕೆಲಸ ತೆಗೆದುಕೊಂಡು ಕೂಲಿ ಕೊಡದವನ ವಿರುದ್ಧ ಪುನರುತ್ಥಾನದ ದಿನ ತಾನೇ ವಾದಿಯಾಗಿ ನಿಲ್ಲುವೆನೆಂದು ಅಲ್ಲಾಹನು ಎಚ್ಚರಿಸಿರುವುದು ಬುಖಾರಿಯ ಹದೀಸಿನಲ್ಲಿದೆ. ನಮ್ಮೂರಿನವನಿಗೆ ಕೂಲಿ ತಪ್ಪಿದರೆ ಅವನ ಪರ ಹತ್ತು ಜನ ಬರುತ್ತಾರೆ. ಯಾರೂ ಇಲ್ಲದವನ ಪರ ಬರುವವನು ಅಲ್ಲಾಹನು. ಆ ಮೊಕದ್ದಮೆಯನ್ನು ಗೆಲ್ಲಬಲ್ಲ ಮಾಲೀಕನುಂಟೇ?

ಮದ್‌ಯನಿನ ವೃದ್ಧರು ಎಂಟು ವರ್ಷವೆಂದು ಮೊದಲೇ ಹೇಳಿದರು. ಹತ್ತು ಪೂರೈಸುವುದು ನಿನ್ನ ಇಚ್ಛೆಗೆ ಬಿಟ್ಟದ್ದು, ನಿನ್ನನ್ನು ಕಷ್ಟಕ್ಕೆ ದೂಡುವ ಇರಾದೆ ನನಗಿಲ್ಲ ಎಂದರು. ಕರಾರೆಂದರೆ ಹೀಗಿರಬೇಕು. ಪಗಾರವೆಷ್ಟು, ಎಷ್ಟು ಹೊತ್ತಿನ ಕೆಲಸ, ರಜೆ ಯಾವಾಗ ಎಂಬುದನ್ನು ಮೊದಲ ದಿನವೇ ಹೇಳಿರಿ. ಮುಂಗಡ ಕೊಟ್ಟು ಸಾಲದ ಬಲೆಯಲ್ಲಿ ಕಟ್ಟಿಹಾಕಬೇಡಿರಿ. ಜೀತ ಪದ್ಧತಿಯನ್ನು 1976ರ ಕಾಯ್ದೆಯೇ ನಿಷೇಧಿಸಿದೆ. ತಂದೆಗೆ ಕೆಲಸ ಕೊಡದೆ ಅವನ ಹತ್ತು ವರ್ಷದ ಹುಡುಗನನ್ನು ಪಾನಾ ಕೊಡುವ ಚೇಲಾನನ್ನಾಗಿ ಇಟ್ಟುಕೊಳ್ಳಬೇಡಿರಿ. ಅದು ಕಾನೂನಿನಲ್ಲೂ ಅಪರಾಧ, ಆ ಮಗುವಿನ ಭವಿಷ್ಯಕ್ಕೂ ದ್ರೋಹ. ಹುಡುಗನನ್ನು ಶಾಲೆಗೆ ಕಳುಹಿಸಿ, ಪಾನಾವನ್ನು ತಂದೆಯ ಕೈಗೆ ಕೊಡಿರಿ.

ಅಂಗಡಿಯಿಲ್ಲದವರು ಏನು ಮಾಡಬೇಕು?

ನಮ್ಮಲ್ಲಿ ಹೆಚ್ಚಿನವರು ಮಾಲೀಕರಲ್ಲ. ನಾವು ಮಾಡಬಹುದಾದ ಕೆಲಸವನ್ನು ಅನ್ನಿಸಾ ಅಧ್ಯಾಯದ 85ನೆಯ ಸೂಕ್ತ ತಿಳಿಸುತ್ತದೆ. ಒಳಿತಿಗಾಗಿ ಶಿಫಾರಸು ಮಾಡಿದವನಿಗೆ ಆ ಒಳಿತಿನಲ್ಲಿ ಪಾಲಿದೆ. ಪ್ರವಾದಿವರ್ಯರ(ಸ) ಬಳಿಗೆ ಯಾರಾದರೂ ಅಗತ್ಯವಿಟ್ಟುಕೊಂಡು ಬಂದರೆ, ಇವರಿಗಾಗಿ ಶಿಫಾರಸು ಮಾಡಿರಿ, ನಿಮಗೆ ಪ್ರತಿಫಲ ಸಿಗುತ್ತದೆ ಎಂದು ಅಲ್ಲಿ ಕುಳಿತವರಿಗೆ ಹೇಳುತ್ತಿದ್ದರು. ಶಿಫಾರಸು ಎಂಬ ಪದ ಇಂದು ಲಂಚದ ತಮ್ಮನಂತೆ ಕೇಳಿಸುತ್ತದೆ. ಅದರ ಹಳೆಯ ಮಾನವನ್ನು ನಾವು ಮರಳಿ ತರಬೇಕು.

ಮಸೀದಿಯ ಇಮಾಮರೇ, ಕಮಿಟಿಯವರೇ, ಹೊಸ ಮುಖ ಸಫ್‌ನಲ್ಲಿ ಕಂಡರೆ ಸಲಾಮ್ ಹೇಳಿ ಸುಮ್ಮನಾಗಬೇಡಿರಿ. ಯಾವ ಕಸುಬು ಬರುತ್ತದೆಂದು ಕೇಳಿರಿ. ಜುಮ್‌ಅಃದ ನಂತರ ನಾಲ್ಕು ಮಾಲೀಕರಿಗೆ ಅವನನ್ನು ಪರಿಚಯಿಸಿರಿ. ಮಸೀದಿಗೆ ಬರದ, ಬೇರೆ ಧರ್ಮದ ನಿರಾಶ್ರಿತನ ಬಗ್ಗೆಯೂ ಇಷ್ಟೇ ಕಾಳಜಿ ಇರಲಿ. ಶಿಕ್ಷಕರೇ, ಸಂಜೆ ಅರ್ಧ ಗಂಟೆ ಅವನಿಗೆ ವ್ಯವಹಾರದ ಕನ್ನಡ ಕಲಿಸಿರಿ. ಅಂಗಡಿಯ ಬೋರ್ಡು ಓದಲು, ಕರಾರು ತಿಳಿಯಲು ಬಂದರೆ ಅರ್ಧ ಮೋಸ ತಪ್ಪುತ್ತದೆ. ಝಕಾತ್ ಕೊಡುವವರೇ, ಅತ್ತೌಬಃ ಅಧ್ಯಾಯದ 60ನೆಯ ಸೂಕ್ತ ಹೆಸರಿಸಿದ ಹಕ್ಕುದಾರರಲ್ಲಿ ಪ್ರಯಾಣಿಕನೂ ಇದ್ದಾನೆ. ಅರ್ಹನಾದವನಿಗೆ ಒಂದು ಹೊಲಿಗೆ ಯಂತ್ರ, ಒಂದು ತಳ್ಳುಗಾಡಿ, ಒಂದು ಉಪಕರಣದ ಪೆಟ್ಟಿಗೆ ಕೊಟ್ಟರೆ ಅದೇ ಅವನ ಕೊಡಲಿ.

ತಾಯಂದಿರೇ, ಸಹೋದರಿಯರೇ, ಕುರ್‌ಆನಿನಲ್ಲಿ ನಿರಾಶ್ರಿತನ ಪರ ಮಾತನಾಡಿದ್ದು ಒಬ್ಬ ಮಗಳು ಎಂಬುದನ್ನು ಮರೆಯದಿರಿ. ಬೀದಿಯಲ್ಲಿ ಬಾಡಿಗೆಗೆ ಬಂದ ಹೊಸ ಕುಟುಂಬದ ಒಲೆ ಉರಿಯಿತೇ ಇಲ್ಲವೇ ಎಂಬುದು ನಿಮ್ಮಷ್ಟು ಯಾರಿಗೂ ತಿಳಿಯದು. ಆ ಮನೆಯಾಕೆಗೆ ಕಸೂತಿ ಬರುತ್ತದೋ, ಅಡುಗೆಯ ಕೈ ಚೆನ್ನಾಗಿದೆಯೋ ನೋಡಿರಿ. ಗಂಡನಿಗೆ, ಮಗನಿಗೆ, ಅಣ್ಣತಮ್ಮಂದಿರಿಗೆ ಒಂದು ಮಾತು ಹೇಳಿರಿ.

ಜಾಮೀನಾಗಿ ನಿಂತ ಮೇಲೆ ಅವನು ಎಡವಿದರೆ ಎಂದು ಕೇಳಬಹುದು. ಎಡವಲೂಬಹುದು. ನಮ್ಮ ಸ್ವಂತ ಮಕ್ಕಳೂ ಎಡವುತ್ತಾರೆ. ನೀವು ಕಂಡದ್ದನ್ನಷ್ಟೇ ಹೇಳಿರಿ, ಕಾಣದ್ದನ್ನು ಸೇರಿಸಬೇಡಿರಿ. ಅಲ್ಲಿಗೆ ನಿಮ್ಮ ಸಾಕ್ಷ್ಯ ಸತ್ಯವಾಯಿತು, ಮುಂದಿನದು ಅಲ್ಲಾಹನದು.

ಕೊನೆಯದಾಗಿ, ನೆಲೆ ಬಿಟ್ಟು ಬಂದು ಈ ಪುಟವನ್ನು ಓದುತ್ತಿರುವ ಸಹೋದರನಿಗೆ ಒಂದು ಮಾತು. ಮದೀನಾದಲ್ಲಿ ಹಸಿದಿದ್ದಾಗ ಹಝ್ರತ್ ಅಲಿ(ರ)ರು ಒಂದು ಕೊಡ ನೀರಿಗೆ ಒಂದು ಖರ್ಜೂರದಂತೆ ಬಾವಿಯಿಂದ ನೀರು ಸೇದಿದ್ದರೆಂದು ವರದಿಯಾಗಿದೆ. ಸಿಕ್ಕ ಹಲಾಲ್ ಕೆಲಸವನ್ನು ಚಿಕ್ಕದೆನ್ನಬೇಡಿರಿ. ನಿಮ್ಮ ಪರ ಮಾತನಾಡಿದವನ ಹೆಸರು ನಿಮ್ಮ ಕೈಯಲ್ಲಿರುವ ಅಮಾನತ್ತು. ನಿಮ್ಮ ಪ್ರಾಮಾಣಿಕತೆಯಿಂದ ನಿಮ್ಮ ಹಿಂದೆ ಬರುವವನಿಗೂ ಬಾಗಿಲು ತೆರೆದಿರುತ್ತದೆ.

ಅಲ್ಲಾಹನೇ, ನಮ್ಮ ಊರುಗಳನ್ನು ಬಂದವರಿಗೆ ಮದ್‌ಯನಿನಂತೆ, ಮದೀನಾದಂತೆ ಮಾಡು. ದುಡಿಯಬಯಸುವ ಕೈಗೆ ಕೆಲಸವನ್ನು, ಕೆಲಸವುಳ್ಳವರ ಹೃದಯಕ್ಕೆ ನ್ಯಾಯವನ್ನು, ನಮ್ಮ ನಾಲಗೆಗೆ ಪರರ ಪರವಾಗಿ ಸತ್ಯ ನುಡಿಯುವ ಧೈರ್ಯವನ್ನು ಕರುಣಿಸು. ಆಮೀನ್.